ಕೋಟೆಗೆ ಹಿಡಿದ ಟೇಪು

ಹೆಂಗಸು ಕೈಚೀಲದಿಂದ ಟೇಪು ತೆಗೆದು ರಾಣಿಯ ಕೋಣೆಯ ಬಾಗಿಲನ್ನು ಅಳೆದಾಗಲೇ ಕೋಟೆಯ ಕಾವಲುಗಾರನ ಎದೆ ಧಸಕ್ಕೆಂದಿತು.

ಬೆಳಿಗ್ಗೆಯೇ ಬಂದ ಸಂಸಾರ ಅದು. ಗಂಡ, ಹೆಂಡತಿ, ಗಂಡನ ತಾಯಿ. ಬಂದವರೆಲ್ಲ ಸಮುದ್ರಕ್ಕೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳುತ್ತಿದ್ದರೆ, ಈ ಮೂವರು ಆ ಕಡೆ ತಿರುಗಿಯೂ ನೋಡಿರಲಿಲ್ಲ. ಗಂಡ ಬಾವಿಗೆ ಬಗ್ಗಿ ಆಳ ನೋಡಿದ. ಮುದುಕಿ ಗೋಡೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿದಳು. ಆಮೇಲೆ ಹೆಬ್ಬಾಗಿಲ ಬಳಿ ಕೂತು ಒಳಬರುವವರನ್ನು ಎಣಿಸತೊಡಗಿದಳು.

ಹೋದ ವರ್ಷ ಕಾವಲುಗಾರನ ಪಾಳಿಯಲ್ಲೇ ಒಂದು ಫಿರಂಗಿ ಗುಂಡು ಮಾಯವಾಗಿತ್ತು. ಕಲ್ಲಂಗಡಿ ಗಾತ್ರದ ಕಬ್ಬಿಣ. ಯಾರು, ಯಾಕೆ ಹೊತ್ತರೋ ದೇವರೇ ಬಲ್ಲ. ಇನ್ನೊಂದು ಕಲ್ಲು ಅಲ್ಲಾಡಿದರೂ ನೀನು ಮನೆಗೆ ಎಂದು ಸಾಹೇಬರು ಗದರಿದ್ದರು. ಅವನ ಮೂವತ್ತಾರು ವರ್ಷದ ಮಗನಿಗೆ ಅಂತೂ ಇಂತೂ ಬ್ರೋಕರೊಬ್ಬ ಒಂದು ಸಂಬಂಧ ಕುದುರಿಸುತ್ತಿದ್ದ. ಈಗ ಅಪ್ಪನ ಕೆಲಸ ಹೋಯಿತೆಂದರೆ ಹೆಣ್ಣು ಕೊಡುವವರು ಯಾರು? ಪಾಪ, ಅವನ ಭಯ ಅವನಿಗೆ.

ಕಂಬದಿಂದ ಕಂಬಕ್ಕೆ ಅಡಗುತ್ತಾ ಹಿಂಬಾಲಿಸಿದ. ಗಂಡ ಹೆಂಡತಿ ಹೆಬ್ಬಾಗಿಲ ಪಕ್ಕದ ಫಿರಂಗಿಯ ಬಳಿ ನಿಂತರು.

"ಇದು ಅಡ್ಡ ಆಗುತ್ತೆ ರೀ," ಎಂದಳು ಹೆಂಡತಿ.

"ಸಾಗಿಸಿದ್ರಾಯ್ತು ಬಿಡೆ. ಎಂಟು ಆಳು ಸಾಕು."

"ಹಿಂದುಗಡೆ ಬಾಗಿಲು ಇದೆಯಾ?"

"ಇದೆ. ಸೀದಾ ನೀರಿಗೇ ಇಳಿಯುತ್ತೆ."

ಕಾವಲುಗಾರನಿಗೆ ಎಲ್ಲ ಅರ್ಥವಾಯಿತು. ದೋಣಿಯಲ್ಲಿ ಹೊತ್ತೊಯ್ಯುತ್ತಾರೆ! ಗುಂಡು ಹೋಗಿದ್ದಕ್ಕೇ ಅಷ್ಟು ರಂಪ, ಫಿರಂಗಿಯೇ ಹೋದರೆ? ಸೀಟಿ ಊದಿದ. ಗಾಬರಿಗೆ ಗಾಳಿ ಬಂತೇ ಹೊರತು ಸದ್ದು ಬರಲಿಲ್ಲ. ಕೋಲು ಹಿಡಿದು ಅಡ್ಡ ನಿಂತ.

"ಬೆಳಿಗ್ಗೆಯಿಂದ ಎಲ್ಲಾ ನೋಡ್ತಿದ್ದೀನಿ! ಇಲ್ಲಿಂದ ಒಂದು ಕಡ್ಡೀನೂ ಹೊರಗೆ ಹೋಗಲ್ಲ. ಮೂವತ್ತು ವರ್ಷದಿಂದ ಇಲ್ಲೇ ಇದ್ದೀನಿ. ಇದು ನನ್ನ ಕೋಟೆ, ತಿಳೀತಾ?"

ಮೂವರೂ ಮುಖ ಮುಖ ನೋಡಿಕೊಂಡರು. ಗಂಡ ಅವಸರವಾಗಿ ಚಪ್ಪಲಿ ಬಿಟ್ಟು ಕೈಮುಗಿದ.

"ಅಯ್ಯೋ, ಹಾಗಾದ್ರೆ ತಾವೇನಾ! ಕೋಪ ಮಾಡ್ಕೋಬೇಡಿ. ಹೇಳದೆ ಬಂದಿದ್ದು ತಪ್ಪೇ. ಬರೀ ಮಾತು ನಂಬೋಕಾಗುತ್ತಾ? ಕಣ್ಣಾರೆ ನೋಡೋಣ, ನಾವು ಕೊಡೋ ಮಂಚ, ಬೀರು ಬಾಗಿಲಲ್ಲಿ ಹಿಡಿಸುತ್ತಾ ಅಂತ ಅಳೆಯೋಣ ಅಂತ ಬಂದ್ವಿ."

ಕಾವಲುಗಾರನಿಗೆ ತಲೆಬುಡ ತಿಳಿಯಲಿಲ್ಲ. ಮುದುಕಿ ಮೊಣಕಾಲು ಹಿಡಿದುಕೊಂಡು ಎದ್ದಳು.

"ಮನೆ ಒಪ್ಪಿಗೆ ಬೀಗರೇ, ಬ್ರೋಕರು ಹೇಳಿದ್ದಕ್ಕಿಂತ ದೊಡ್ಡದೇ ಇದೆ, ಆದ್ರೆ ಬೆಳಿಗ್ಗೆಯಿಂದ ಮುನ್ನೂರ ಹನ್ನೆರಡು ಜನ ನೆಂಟರು ಬಂದ್ರು, ಇಷ್ಟು ಜನಕ್ಕೆ ನಮ್ಮ ಹುಡುಗಿ ಒಬ್ಬಳೇ ಬೇಯಿಸಿ ಹಾಕೋಕಾಗಲ್ಲ."