ಮುಚ್ಚಳ ತೆಗೆದವಳು

ಬಾಗಿಲ ಸಂದಿಯಲ್ಲಿ ನಾಗರತ್ನಾ ಮರೆಯಾಗಿ ನಿಂತಿದ್ದಳು. ಒಳಗೆ, ಊಟದ ಕೋಣೆಯಲ್ಲಿ, ಜೊತೆಗೆ ಪ್ಯಾಕಿಂಗ್ ಮಾಡುವ ಯಮುನಾ ಒಬ್ಬಳೇ. ಮೇಜಿನ ತುಂಬ ಡಬ್ಬಿಗಳಿದ್ದರೂ ಬೇರಾವುದನ್ನೂ ಅವಳು ಮುಟ್ಟಲಿಲ್ಲ. ನೇರವಾಗಿ ನಾಗರತ್ನಾಳ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದಳು. ಒಮ್ಮೆ ಹಿಂದಕ್ಕೆ ತಿರುಗಿ ನೋಡಿದಳು. ತನ್ನ ಚೀಲದಿಂದ ಹಳದಿ ಮುದ್ದೆಯಂಥದ್ದೇನನ್ನೋ ತೆಗೆದು ಅದರೊಳಗೆ ಹಾಕಿ, ಚೆನ್ನಾಗಿ ಕಲಸಿ, ಅಂಚು ಒರೆಸಿ, ಮುಚ್ಚಳವನ್ನು ಮೊದಲಿದ್ದ ಹಾಗೆಯೇ ಹಾಕಿಟ್ಟಳು.

ಅಂಚು ಒರೆಸಿದ್ದೇ ನಾಗರತ್ನಾಳಿಗೆ ಹೆಚ್ಚು ಭಯ ಹುಟ್ಟಿಸಿತು. ಗುರುತು ಉಳಿಯಬಾರದು ಎನ್ನುವವರ ಕೈ ಅದು.

ದೊಡ್ಡನೆಕ್ಕುಂದಿಯ ಆ ಸ್ವಿಚ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ತಿಂಗಳ ಕೊನೆಯ ಶನಿವಾರ ಎಲ್ಲರೂ ಮನೆಯಿಂದ ಒಂದೊಂದು ಅಡುಗೆ ತಂದು ಹಂಚಿಕೊಂಡು ಉಣ್ಣುತ್ತಿದ್ದರು. ಅದನ್ನು ಶುರುಮಾಡಿದವಳು ಫ್ರೇಜರ್ ಟೌನಿನ ಸೂಪರ್‌ವೈಸರ್ ಸಾಲೇಹಾ. ಅವಳ ಬಾಯಲ್ಲಿ ಅದು ಪಾಟ್‌ಲಕ್, ಉಳಿದವರಿಗೆ ಶನಿವಾರದ ಊಟ. ಮೊದಮೊದಲು ನಾಗರತ್ನಾಳಿಗೆ ಅದು ಹಿಡಿಸಿರಲಿಲ್ಲ. ಯಾರ ಮನೆಯ ಪಾತ್ರೆಯೋ, ಯಾರ ಕೈಯೋ. ಪಲ್ಯಗಳ ಮೇಜಿಗೂ ಬಿರಿಯಾನಿಯ ಮೇಜಿಗೂ ನಡುವೆ ಅವಳೇ ಹಟಮಾಡಿ ಒಂದು ಗೇಣು ಜಾಗ ಬಿಡಿಸಿದ್ದಳು. ಆದರೆ ಒಂದು ಶನಿವಾರ ಸ್ಟೋರಿನ ವಾಜಿದ್ ಅವಳ ಕಲಬುರಗಿಯ ಪುಂಡಿಪಲ್ಯವನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದು, "ಅಕ್ಕಾ, ಇನ್ನೊಂದ್ ಚಮಚ" ಎಂದು ತಟ್ಟೆ ಚಾಚಿದ. ಮರುತಿಂಗಳು ಆ ಗೇಣು ಜಾಗ ಎಲ್ಲಿ ಹೋಯಿತೋ ಯಾರೂ ಕೇಳಲಿಲ್ಲ. ಬಾಡಿಗೆ ಕೋಣೆಯಲ್ಲಿ ಬದುಕುವವಳಿಗೆ ಈ ಊರು ಕೊಟ್ಟದ್ದು ಒಂದೇ ಒಂದು ಹೆಸರು: ಪುಂಡಿಪಲ್ಯದ ನಾಗರತ್ನಕ್ಕ.

ಅದಕ್ಕೇ ಕೈಹಾಕಿದ್ದಳು ಯಮುನಾ.

ಆ ಮಧ್ಯಾಹ್ನ ನಾಗರತ್ನಾ ತನ್ನದೇ ಪಲ್ಯವನ್ನು ಬಹಳ ಹೊತ್ತು ಅಗಿದು ನೋಡಿದಳು. ನಾಲಿಗೆಗೆ ಏನೂ ಸುಳಿವು ಸಿಗಲಿಲ್ಲ. ಅಷ್ಟು ಚಾಲಾಕಿಯಿಂದ ಬೆರೆಸಿದ್ದಳು. ಕದ್ದಿದ್ದರೆ ಪಲ್ಯ ಕಡಿಮೆಯಾಗಬೇಕಿತ್ತು, ಇದು ಹೆಚ್ಚಾಗಿತ್ತು. ಸುತ್ತ ಕೂತವರು ಬೆರಳು ಚೀಪುತ್ತ ತಿಂದರು. ಊಟದಲ್ಲಿ ಮದ್ದು ಹಾಕಿ ಜನರನ್ನು ವಶಮಾಡಿಕೊಳ್ಳುವವರ ಕಥೆಗಳನ್ನು ಅವಳು ಊರಲ್ಲಿ ಬೇಕಾದಷ್ಟು ಕೇಳಿದ್ದಳು. ಕಾರಣವೂ ಹೊಳೆಯಿತು. ಲೈನ್ ಲೀಡರ್ ಕೆಲಸ ಖಾಲಿಯಿತ್ತು. ಇದ್ದದ್ದು ಎರಡೇ ಹೆಸರು, ತನ್ನದು ಮತ್ತು ಯಮುನಾಳದು.

ಆ ತಿಂಗಳಿಡೀ ಅನುಮಾನ ಅವಳನ್ನು ಬಿಡಲಿಲ್ಲ. ಬೇಸಿಗೆಯಲ್ಲಿ ಬಂದ ಜ್ವರ ಬಿಟ್ಟರೂ ಮೊದಲಿನ ಲವಲವಿಕೆ ಮರಳಿರಲಿಲ್ಲ. ಅದೂ ಆ ಮದ್ದಿನದೇ ಕೆಲಸವಿರಬೇಕು. ಕ್ಯಾಂಟೀನಿನ ಚಹಾ ಬರೀ ಬಿಸಿನೀರು. ಗುತ್ತಿಗೆದಾರ ಸಕ್ಕರೆ ನುಂಗುತ್ತಿರಬೇಕು. ಅಪಾರ್ಟ್‌ಮೆಂಟ್ ಕಾಯುವ ಗಂಡ ಅಂಬಣ್ಣ ಕೂಡ ಈಚೆಗೆ ಮನೆಯಲ್ಲಿ ಉಣ್ಣುತ್ತಿರಲಿಲ್ಲ. "ಡ್ಯೂಟ್ಯಾಗೇ ಕೊಡ್ತಾರ, ಬಿಡು" ಎಂದು ಕಣ್ಣು ತಪ್ಪಿಸುತ್ತಿದ್ದ. ಅಲ್ಲಿ ಬಡಿಸುವವರು ಯಾರೋ ಎಂದು ಅದರ ಬಗ್ಗೆಯೂ ಅವಳ ಮನಸ್ಸು ಕುದಿಯಿತು.

ಮುಂದಿನ ಪಾಟ್‌ಲಕ್ಕಿನ ದಿನ ಅವಳು ಡಬ್ಬಿಯನ್ನು ಊಟದ ಕೋಣೆಯಲ್ಲಿ ಇಡಲೇ ಇಲ್ಲ. ಕೆಲಸ ಮಾಡುವಾಗಲೂ ಕಾಲ ಬಳಿಯೇ ಇಟ್ಟುಕೊಂಡಳು. ಊಟದ ಹೊತ್ತಿಗೆ ಯಮುನಾ ಬಳಿಗೆ ಬಂದಳು.

"ಅಕ್ಕಾ, ಡಬ್ಬಿ ಕೊಡಿ. ಬಿಸಿ ಮಾಡ್ಕೊಂಡ್ ಬರ್ತೀನಿ."

"ಬ್ಯಾಡ."

"ಒಂದೇ ನಿಮಿಷ ಅಕ್ಕಾ. ಪ್ಲೀಸ್." ಕೈ ಆಗಲೇ ಡಬ್ಬಿಯತ್ತ ಚಾಚಿತ್ತು.

ನಾಗರತ್ನಾಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಎಲ್ಲರೂ ಮೇಜಿನ ಸುತ್ತ ಸೇರಿದಾಗ ಎದ್ದು ನಿಂತಳು. "ಮೇಡಂ, ಈಕಿ ನನ್ನ ಡಬ್ಬಿಗಿ ಏನೋ ಬೆರಸ್ತಾಳ. ನಾ ಕಣ್ಣಾರೆ ನೋಡೀನಿ."

ಸಾಲೇಹಾ ಯಮುನಾಳ ಕಡೆ ತಿರುಗಿದಳು. "ಹೌದಾ?"

"ಹೌದು ಮೇಡಂ."

"ಯಾಕೆ?"

ಯಮುನಾ ನಾಗರತ್ನಾಳ ಮುಖ ನೋಡಿದಳು. ಸುತ್ತ ನೆರೆದವರನ್ನು ನೋಡಿದಳು. "ಇಲ್ಲಿ ಹೇಳೋಕಾಗಲ್ಲ ಮೇಡಂ."

"ಎಲ್ಲರೂ ತಿನ್ನೋ ಊಟ ಕಣಮ್ಮ ಇದು! ಇಲ್ಲಿ ಹೇಳೋಕಾಗದೆ ಇರೋದು ಎಂಥದ್ದು?"

ಯಮುನಾ ಚೀಲವನ್ನು ಎದೆಗವಚಿಕೊಂಡಳು. ಸಾಲೇಹಾಳ ಮುಖ ಬಿಗಿಯಿತು. "ಚೀಲ ತಗೊಂಡು ಹೊರಡು. ಸೋಮವಾರ ಎಚ್‌ಆರ್ ಹತ್ರ ಮಾತಾಡು. ಕೆಲಸ ಉಳಿಯೋದು ಕಷ್ಟ."

ಯಮುನಾ ಕಣ್ಣೊರೆಸಿಕೊಂಡು ಬಾಗಿಲವರೆಗೆ ಹೋದಳು. ಅಲ್ಲಿ ಯಾಕೋ ನಿಂತಳು.

ನಾಗರತ್ನಾ ತಾನೇ ಕೈಯಾರೆ ಎಲ್ಲರಿಗೂ ಬಡಿಸಿದಳು. ಎಷ್ಟೋ ದಿನಗಳ ಮೇಲೆ ಎದೆ ಹಗುರಾಗಿತ್ತು. ರೊಟ್ಟಿ ಮುರಿದು, ಪಲ್ಯ ಹಚ್ಚಿ, ದೊಡ್ಡ ತುತ್ತನ್ನೇ ಬಾಯಿಗಿಟ್ಟುಕೊಂಡಳು. "ಇವತ್ತು ನೋಡ್ರಿ, ಯಾರ ಕೈನೂ ತಾಕಿಲ್ಲ. ಅಪ್ಪಟ ನಂದೇ ಕೈರುಚಿ."

ವಾಜಿದ್ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಎದ್ದ. ಆಚೆ ಕೂತಿದ್ದವಳು ನೀರಿನ ಬಾಟಲಿಗೆ ಕೈಚಾಚಿದಳು. ಸಾಲೇಹಾ ಕಣ್ಣು ಮುಚ್ಚಿ ಹೇಗೋ ತುತ್ತು ನುಂಗಿದಳು. ನಾಗರತ್ನಾ ಆಗಲೇ ಇನ್ನೊಂದು ತುತ್ತು ಅಗಿಯುತ್ತಿದ್ದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

ಸಾಲೇಹಾ ಬಾಗಿಲಲ್ಲಿ ನಿಂತಿದ್ದ ಯಮುನಾಳ ಕಡೆ, ಅವಳ ಚೀಲದಿಂದ ಇಣುಕುತ್ತಿದ್ದ ಬೇಯಿಸಿದ ಬೇಳೆಯ ಡಬ್ಬಿಯ ಕಡೆ ನೋಡಿದಳು. "ಇಷ್ಟು ದಿನ ಬರೀ ಬೇಳೆ ಬೇಯಿಸಿ ತಂದು, ಇದನ್ನ ಬಾಯಿಗಿಡೋ ಹಾಗೆ ಮಾಡ್ತಿದ್ದಿದ್ದು ನೀನಾ?"

ಯಮುನಾ ತಲೆತಗ್ಗಿಸಿದಳು.

ಸಾಲೇಹಾ ಎದ್ದು ಬಂದು, ನಾಗರತ್ನಾಳ ತುತ್ತಿನ ಕೈಯನ್ನು ಮೆಲ್ಲಗೆ ಹಿಡಿದಳು. "ಅಕ್ಕಾ, ಇದು ಬರೀ ಉಪ್ಪು. ನಿಮ್ಮ ನಾಲಿಗೆಗೆ ರುಚಿ ಗೊತ್ತಾಗೋದು ನಿಂತು ಎಷ್ಟು ದಿನ ಆಯ್ತು?"