ಗಾವಡಗೆರೆ ಹಾದಿಯ ತಂತಿ

ಮೀಟರಿನ ಮುಳ್ಳು ಮೇಲೆದ್ದಿತು. ಗಾವಡಗೆರೆ ಹಾದಿಯಲ್ಲಿ ಕಡಿದಿದ್ದ ಟೆಲಿಫೋನ್ ತಂತಿ ಕೂಡಿತೆಂದು ಎಕ್ಸ್‌ಚೇಂಜಿನಲ್ಲಿ ಕೂತಿದ್ದ ದೊಡ್ಡಮಾದಯ್ಯನಿಗೆ ಗೊತ್ತಾಯಿತು. ಲೈನ್‌ಮನ್ ಚಿಕ್ಕಮಾದು ಕಂಬ ಹತ್ತುವ ಮುಂಚೆ, ಕಡಿದ ತಂತಿಯ ಈಚೆ ತುದಿಗೆ ಸಿಕ್ಕಿಸಿದ ಫೋನಿನಲ್ಲಿ ನಕ್ಕಿದ್ದ: "ತಂತಿ ನನ್ ಕೈಲಿರ್ತದೆ. ನಾನು ಇಳಿದು ಫೋನ್ ಮಾಡೋಗಂಟ ಗಂಟೆ ಹಿಡಿ ತಿರುಗಿಸಬ್ಯಾಡ ಕಣ್ ಭಾವ. ತಂತೀಲಿ ಕರೆಂಟ್ ಹರಿದು ಶಾಕ್ ಹೊಡೆದು ನಾನ್ ಬಿದ್ರೆ ನಿನ್ ತಂಗೀನ ನೀನೇ ಸಾಕ್ಬೇಕಾಯ್ತದೆ."

"ಮುಳ್ಳು ಎದ್ದಿದೆಯಲ್ಲಯ್ಯ, ಇನ್ನೇನು ಕಾಯ್ತೀಯ? ಗಾವಡಗೆರೆಗೆ ಲೈನ್ ಕೊಡಿ ಅಂತ ಆಸ್ಪತ್ರೆಯೋರು ಮೂರು ಸಲ ಕೇಳಿದ್ರು," ಎಂದರು ಬೆನ್ನ ಹಿಂದೆ ನಿಂತಿದ್ದ ಸಾಹೇಬರು.

ತಂತಿ ಕೂಡಿದ ಮೇಲೆ ಇಳಿದೇ ಇರುತ್ತಾನೆ ಅಂದುಕೊಂಡು ದೊಡ್ಡಮಾದಯ್ಯ ಹಿಡಿ ತಿರುಗಿಸಿದ. ಒಂದೇ ಸುತ್ತು. ಮುಳ್ಳು ದಡಕ್ಕನೆ ಸೊನ್ನೆಗೆ ಬಿತ್ತು.

"ಥತ್! ಮತ್ತೆ ಕಡಿದೋಯ್ತಾ? ಎಷ್ಟನೇ ಕಂಬ, ಮೀಟರಲ್ಲಿ ಅಳೆದು ಹೇಳು."

ಅಳೆಯುವುದೇನೂ ಉಳಿದಿರಲಿಲ್ಲ. ದೊಡ್ಡಮಾದಯ್ಯ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದ.