ನಾಲ್ಕನೇ ಪ್ಯಾರಾ

“ನಾಲ್ಕನೇ ಪ್ಯಾರಾ ಬಿಟ್ಟುಬಿಟ್ರಿ ಸಾರ್,” ಎಂದರು ವಕೀಲ ನರೇಂದ್ರ. “ಅದೇ ಮುಖ್ಯವಾದದ್ದು. ಅಮ್ಮ ಕೋರ್ಟಿಗೆ ಕೊಡೋ ಪ್ರಮಾಣಪತ್ರ ಇಂಗ್ಲಿಷಲ್ಲಿದೆ, ಅಮ್ಮನಿಗೆ ಇಂಗ್ಲಿಷ್ ಬರಲ್ಲ. ಪೂರ್ತಿ ಕನ್ನಡದಲ್ಲಿ ಓದಿ ಹೇಳ್ಬೇಕು. ಆಮೇಲೇ ಸೈನು.”

ಸೇತುರಾಮ ಕನ್ನಡಕ ಸರಿಮಾಡಿಕೊಂಡ. ಜಯನಗರದ ಆ ಮಹಡಿಯ ಆಫೀಸಿಗೆ ಅವನ ತಾಯಿ ಸತ್ಯಭಾಮಮ್ಮನನ್ನು ಕುರ್ಚಿಯ ಸಮೇತ ಎತ್ತಿ ತಂದಿದ್ದರು. ಪಕ್ಕದಲ್ಲಿ ಅವನ ಹೆಂಡತಿ ಮೈತ್ರೇಯಿ, ಸರ್ಕಾರಿ ಸಂಶೋಧನಾಲಯದ ವಿಜ್ಞಾನಿ. ಅತ್ತೆ ಸೊಂಟ ಮುರಿದುಕೊಂಡು ಮಲಗಿದಾಗ ವರ್ಷಕ್ಕೂ ಮೇಲೆ ರಜೆ ಹಾಕಿದ್ದಳು. ಇಷ್ಟಪಟ್ಟು ಹಾಕಿದ ರಜೆ ಬಡ್ತಿಯ ಲೆಕ್ಕಕ್ಕೆ ಬರುವುದಿಲ್ಲವೆಂದು ಆಫೀಸಿನವರು ಅವಳನ್ನು ಸಂದರ್ಶನಕ್ಕೇ ಕರೆಯಲಿಲ್ಲ. ಅವಳ ಕೈಕೆಳಗೆ ಕೆಲಸ ಕಲಿತ ಲಿಖಿತಾ ಈಗ ಅವಳ ಮೇಲಧಿಕಾರಿ. ಬರುವ ವರ್ಷ ಮೈತ್ರೇಯಿಗೆ ನಿವೃತ್ತಿ. ಆ ರಜೆ ಅನಿವಾರ್ಯವಾಗಿತ್ತೆಂದು ತೋರಿಸಿದರೆ ಮಾತ್ರ ಬಡ್ತಿಗಾಗಿ ಅವಳು ಹೂಡಿದ್ದ ಕೇಸು ಗೆಲ್ಲುತ್ತಿತ್ತು.

“‘ಆ ದಿನಗಳಲ್ಲಿ ನನ್ನನ್ನು ನೋಡಿಕೊಳ್ಳಲು ಸೊಸೆಯನ್ನು ಬಿಟ್ಟರೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.’” ಸೇತುರಾಮ ಬೇಗಬೇಗ ಓದಿದ.

“ಇನ್ನೊಂದ್ಸಲ ಓದೋ,” ಎಂದರು ಸತ್ಯಭಾಮಮ್ಮ.

ಓದಿದ. ಈ ಸಲ ದನಿ ಇನ್ನೂ ಸಣ್ಣದಾಗಿತ್ತು.

“ಇದೇನು ಲಾಯರ್ ಸಾಹೇಬ್ರೆ? ಇವನು ಮನೇಲೇ ಇದ್ನಲ್ಲ. ಬ್ಯಾಂಕಿನ ಕೆಲಸ ಬಿಟ್ಟು ಆಗ್ಲೇ ವರ್ಷ ಆಗಿತ್ತು.”

ನರೇಂದ್ರ ಪೆನ್ನು ಕೆಳಗಿಟ್ಟರು. “ಆಗ ಊರಲ್ಲೇ ಇರ್ಲಿಲ್ಲ ಅಂದ್ರಲ್ಲ ಸಾರ್ ನನ್ಹತ್ರ!”

“ಇದ್ದೆ... ಅಂದ್ರೆ, ಬೆಳಗ್ಗೆ ವಾಕಿಂಗು, ಸಾಯಂಕಾಲ ಕ್ಲಬ್ಬು, ಹಾಗೇ...”

“ಸರ್ಕಾರದ ವಕೀಲರು ಕೇಳೋದೇ ಅದನ್ನ. ಗಂಡ ಮನೇಲಿ ಕೂತಿರುವಾಗ ಹೆಂಡತಿ ಯಾಕೆ ರಜೆ ಹಾಕ್ಬೇಕಿತ್ತು ಅಂತ!”

ಮೈತ್ರೇಯಿ ಗೋಡೆ ನೋಡುತ್ತಾ ಹೇಳಿದಳು: “ಬೇಡ ಬಿಡಿ ಸಾರ್. ಈ ವಯಸ್ಸಲ್ಲಿ ಅತ್ತೆ ಕೈಲಿ ಸುಳ್ಳು ಪ್ರಮಾಣ ಮಾಡಿಸಿ ನನಗೇನೂ ಆಗ್ಬೇಕಾಗಿಲ್ಲ. ಕೇಸು ವಾಪಸ್ ತಗೊಳ್ಳೋಣ.”

ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ಅದು ನಿಂತ ಮೇಲೆ ಸತ್ಯಭಾಮಮ್ಮ ಮಗನ ಕಡೆ ತಿರುಗಿದರು.

“ಸೇತು, ಮೈತ್ರೇಯಿ ಔಷಧಿ ಅಂಗಡಿಗೆ ಹೋದಾಗ ನಾನು ನೀರು ನೀರು ಅಂತ ಕೂಗ್ತಿದ್ದೆ. ಕೂಗಿದ ತಕ್ಷಣ ಹಾಲ್‌ನಲ್ಲಿ ಟೀವಿ ಸೌಂಡು ಜಾಸ್ತಿ ಆಗೋದು. ನೆನಪಿದೆಯೇನೋ?”

ಸೇತುರಾಮ ಕಾಗದದಿಂದ ಕಣ್ಣೆತ್ತಲಿಲ್ಲ.

“ಬೈಯಕ್ಕೆ ಕೇಳ್ತಿಲ್ಲ ಕಣೋ. ಓದಿದವನು ನೀನು, ನೀನೇ ಹೇಳು. ಅಲ್ಲಿ ಬರೆದಿರೋದು ಸುಳ್ಳಾ?”

“ಸುಳ್ಳಲ್ಲಮ್ಮ,” ಎಂದ.

“ಮತ್ತೆ ಕೊಡು. ಎಲ್ಲಿ ಹಾಕ್ಬೇಕು ಸೈನು?”

ಒಂದೊಂದೇ ಅಕ್ಷರ ಕೂಡಿಸಿ ಅವರು ಸಹಿ ಮಾಡಿದರು. ಮೈತ್ರೇಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ನರೇಂದ್ರ ಶಾಯಿ ಆರುವವರೆಗೆ ಕಾದು, ಅದೇ ಹಾಳೆಯನ್ನು ಸೇತುರಾಮನ ಮುಂದೆ ಸರಿಸಿದರು.

“ಓದಿ ಹೇಳಿದವರು ಅಂತ ಕೆಳಗಡೆ ನೀವೂ ಒಂದು ಸೈನ್ ಹಾಕಿ ಸಾರ್. ಪಕ್ಕದಲ್ಲಿ ‘ಸಂಬಂಧ’ ಅಂತ ಇದೆಯಲ್ಲ, ಅಲ್ಲಿ ‘ಮಗ’ ಅಂತ ಬರೀರಿ.”